ಹತ್ತು–ಹನ್ನೆರಡರ ಕೋಣೆಯಲ್ಲಿ ಥಿಯೇಟರು

ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ‘ಹೋಂ ಥಿಯೇಟರ್ ತೋರಿಸಿ’ ಎಂದರೆ ಕೌಂಟರಿನ ಮೇಲೆ ಬಂದು ಕೂರುವುದು ಹೆಚ್ಚಾಗಿ ಒಂದೇ ಬಗೆಯ ಸರಕು. ದಪ್ಪನೆಯ ಒಂದು ವೂಫರ್ ಡಬ್ಬ, ಅದರ ಮುಖದ ಮೇಲೆ ಬಣ್ಣ ಬದಲಿಸುವ ದೀಪ, ಪೆನ್‌ಡ್ರೈವ್ ಹಾಕಲು ಒಂದು ಕಿಂಡಿ, ಬ್ಲೂಟೂತ್, ಎಫ್‌ಎಂ, ರಿಮೋಟು. ಜೊತೆಗೆ ಅಂಗೈಯಗಲದ ಐದು ಸ್ಪೀಕರು. ‘ಬೇಸ್ ಹೆಂಗೈತಣ್ಣಾ?’ ಎಂದು ಗಿರಾಕಿ ಕೇಳುತ್ತಾರೆ. ಅಂಗಡಿಯವರು ಸೌಂಡ್ ಏರಿಸುತ್ತಾರೆ, ಕಪಾಟಿನ ಗಾಜು ನಡುಗುತ್ತದೆ, ವ್ಯಾಪಾರ ಮುಗಿಯುತ್ತದೆ.

ತಕರಾರು ಶುರುವಾಗುವುದು ಮನೆಗೆ ತಂದ ಮೇಲೆ. ಹಾಡು ಭರ್ಜರಿಯಾಗಿದೆ, ಆದರೆ ಸಿನಿಮಾದಲ್ಲಿ ಮಾತು ತಿಳಿಯುವುದಿಲ್ಲ. ಮಾತಿಗೆಂದು ಸೌಂಡ್ ಹೆಚ್ಚಿಸಿದರೆ ಫೈಟ್ ಬಂದಾಗ ಕಿವಿ ಮುಚ್ಚಿಕೊಳ್ಳಬೇಕು. ಹಿಂದಿನ ಸ್ಪೀಕರಿನಲ್ಲೂ ಮುಂದಿನದ್ದೇ ಬರುತ್ತದೆ. ಟಿವಿಯ ಮೇಲೆ 4ಕೆ ಎಂದು ಬರೆದಿದೆ, ಚಿತ್ರ ಮಾತ್ರ ಹಳೆಯ ಟಿವಿಗಿಂತ ಮಸುಕು.

ಇವಕ್ಕೆಲ್ಲ ಕಾರಣ ಒಂದೇ ಕಡೆ ಇರುವುದಿಲ್ಲ. ಮನೆಯಲ್ಲಿ ಸಿನಿಮಾ ನೋಡುವ ವ್ಯವಸ್ಥೆಯಲ್ಲಿ ಮೂರು ಭಾಗಗಳಿವೆ: ಚಿತ್ರ ಮತ್ತು ಧ್ವನಿ ಬರುವ ಮೂಲ, ಅದನ್ನು ಬಿತ್ತರಿಸುವ ಯಂತ್ರ, ಆ ಯಂತ್ರ ಕೂತಿರುವ ಕೋಣೆ. ನಮ್ಮ ಹಣವೆಲ್ಲ ಹೋಗುವುದು ನಡುವಿನ ಯಂತ್ರಕ್ಕೆ. ಫಲಿತಾಂಶದ ಹೆಚ್ಚಿನ ಪಾಲನ್ನು ತೀರ್ಮಾನಿಸುವುದು ಮಾತ್ರ ಮೊದಲನೆಯದು ಮತ್ತು ಮೂರನೆಯದು. ಯಂತ್ರವನ್ನು ಬದಲಿಸುವ ಮೊದಲು ಈ ಎರಡನ್ನು ಅರಿತುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

5.1 ಅಂದರೆ ಏನು?

ಮೊದಲು ಡಬ್ಬದ ಮೇಲಿನ ಅಂಕಿಯನ್ನೇ ನೋಡೋಣ. 5.1ರಲ್ಲಿ ‘5’ ಎಂದರೆ ಐದು ಬೇರೆ ಬೇರೆ ಧ್ವನಿ ದಾರಿಗಳು: ಮುಂದೆ ಎಡ, ನಡು, ಬಲ, ಪಕ್ಕ ಅಥವಾ ತುಸು ಹಿಂದೆ ಎಡ, ಬಲ. ‘.1’ ಎಂದರೆ ಗುಡುಗು, ಸ್ಫೋಟ, ನಗಾರಿಯಂಥ ತಗ್ಗು ದನಿಗೆಂದೇ ಮೀಸಲಾದ ಆರನೆಯ ದಾರಿ. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಕೇಳಬಲ್ಲದು. ಆರನೆಯ ದಾರಿಯಲ್ಲಿ ಬರುವುದು ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನದು ಮಾತ್ರ. ಪೂರ್ಣ ದಾರಿಯಲ್ಲವಾದ್ದರಿಂದ ಅದಕ್ಕೆ ‘ಪಾಯಿಂಟ್ ಒಂದು’ ಎಂಬ ಹೆಸರು.

ಇಲ್ಲಿಯವರೆಗೆ ಬರಲು ಅರುವತ್ತು ವರ್ಷ ಹಿಡಿಯಿತು. ಎರಡು ದಾರಿಯ ಸ್ಟೀರಿಯೊ ಧ್ವನಿಗೆ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್ಲಿನ್ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. ಇಂದು ಹಲವು ಟಿವಿಗಳ ಮೇಲೆ ಕಾಣುವ ಡಾಲ್ಬಿ ಹೆಸರಿನ ಹಿಂದಿರುವ ರೇ ಡಾಲ್ಬಿ, 1963ರಿಂದ 65ರವರೆಗೆ ಯುನೆಸ್ಕೊ ತಾಂತ್ರಿಕ ಸಲಹೆಗಾರರಾಗಿ ಭಾರತದಲ್ಲೇ ಇದ್ದವರು. ಇಲ್ಲಿಂದ ಹೋದ ಮೇಲೆ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ಕಟ್ಟಿದರು. ಅವರ ಕಂಪನಿಯ ಡಿಜಿಟಲ್ 5.1 ಧ್ವನಿ ಚಿತ್ರಮಂದಿರಕ್ಕೆ ಬಂದದ್ದು 1992ರಲ್ಲಿ. ಮರುವರ್ಷ ‘ಜುರಾಸಿಕ್ ಪಾರ್ಕ್’ ಜೊತೆ ಇನ್ನೊಂದು ಡಿಜಿಟಲ್ ಧ್ವನಿ ವಿಧಾನ ಡಿಟಿಎಸ್ ಬಂತು. ತಲೆಯ ಮೇಲಿಂದಲೂ ದನಿ ಬರುವ ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೂ 2014ರಲ್ಲಿ ಮನೆಗಳಿಗೂ ಕಾಲಿಟ್ಟಿತು.

5.1ರಲ್ಲಿ ಧ್ವನಿಯನ್ನು ಇಂಥ ಸ್ಪೀಕರಿಗೆ ಎಂದು ಮೊದಲೇ ಹಂಚಿಟ್ಟಿರುತ್ತಾರೆ. ಅಟ್ಮಾಸ್‌ನಲ್ಲಿ ‘ಈ ಹೆಲಿಕಾಪ್ಟರ್ ಸದ್ದು ಈ ಕ್ಷಣ ಇಂಥ ಕಡೆ ಇರಬೇಕು’ ಎಂಬ ಸೂಚನೆಯೂ ಧ್ವನಿಯ ಜೊತೆಗೇ ಬರುತ್ತದೆ. ನಿಮ್ಮಲ್ಲಿ ಎಷ್ಟು ಸ್ಪೀಕರ್ ಇವೆಯೋ ನೋಡಿಕೊಂಡು ಯಂತ್ರವೇ ಹಂಚುತ್ತದೆ.

ಐದರಲ್ಲಿ ತೀರ ಮುಖ್ಯವಾದದ್ದು, ನಮ್ಮವರು ತೀರ ಕಡೆಗಣಿಸುವುದು, ನಡುವಿನ ಸ್ಪೀಕರ್. ಸಿನಿಮಾದ ಮಾತು ಹೆಚ್ಚುಕಡಿಮೆ ಪೂರ್ತಿ ಬರುವುದು ಅದರಿಂದ. ‘ಮಾತು ಕೇಳಲ್ಲ’ ಎನ್ನುವವರ ಮನೆಯಲ್ಲಿ ಆ ಸ್ಪೀಕರನ್ನು ಹುಡುಕಿದರೆ ಅದು ಶೋಕೇಸಿನ ಗಾಜಿನ ಹಿಂದೆ, ಗೊಂಬೆಗಳ ಮತ್ತು ಶಾಲೆಯ ಕಪ್ಪುಗಳ ನಡುವೆ ಇರುತ್ತದೆ. ಅದನ್ನು ಹೊರಗೆ ತೆಗೆದು ಟಿವಿಯ ಕೆಳಗೆ, ಹಲಗೆಯ ಅಂಚಿಗೆ, ಮುಖ ತುಸು ಮೇಲಕ್ಕೆತ್ತಿ ಕೂತವರ ಕಿವಿಯ ಕಡೆಗೆ ಇಟ್ಟರೆ ಒಂದು ರೂಪಾಯಿ ಖರ್ಚಿಲ್ಲದೆ ಮಾತು ತಿಳಿಯಾಗುತ್ತದೆ.

ಆರು ಸ್ಪೀಕರ್ ಇದ್ದ ಮಾತ್ರಕ್ಕೆ ಆರು ದನಿ ಬರುವುದಿಲ್ಲ

ಈ ಬಯಲುಸೀಮೆಯಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಹೇಳಿಕೊಡಬೇಕಾದ್ದಿಲ್ಲ: ಮೋಟಾರು ಎಷ್ಟೇ ಎಚ್‌ಪಿಯದಾದರೂ ಒಳಗೆ ಒಂದೂವರೆ ಇಂಚು ನೀರಿದ್ದರೆ ಒಂದೂವರೆ ಇಂಚೇ ಬರುವುದು. ಧ್ವನಿ ಮತ್ತು ಚಿತ್ರದ ಮೂಲಕ್ಕೂ ಇದೇ ಲೆಕ್ಕ.

ಫೋನಿನಿಂದ ಬ್ಲೂಟೂತ್‌ನಲ್ಲಿ ಬರುವುದು ಎರಡು ದಾರಿಯ ಸ್ಟೀರಿಯೊ ಮಾತ್ರ. ಪೆನ್‌ಡ್ರೈವ್‌ನ ಎಂಪಿ3 ಹಾಡೂ ಅಷ್ಟೆ. ಕೆಂಪು–ಬಿಳಿ ಪಿನ್ನಿನ ಆಕ್ಸ್ ವೈರಿನಲ್ಲೂ ಅಷ್ಟೆ. ಕಡಿಮೆ ಬೆಲೆಯ ಹಲವು ಸೆಟ್ಟುಗಳಲ್ಲಿ ಡಾಲ್ಬಿ ಡಿಜಿಟಲ್ ಸಂಕೇತವನ್ನು ಬಿಡಿಸುವ ಡಿಕೋಡರ್ ಇರುವುದೇ ಇಲ್ಲ. ಬಂದ ಎರಡು ದನಿಯನ್ನೇ ಐದಕ್ಕೂ ಹಂಚುತ್ತವೆ. ಹಿಂದಿನ ಸ್ಪೀಕರಿನಲ್ಲೂ ಮುಂದಿನದ್ದೇ ಕೇಳುವ ಗುಟ್ಟು ಇದು. ಡಬ್ಬದ ಮೇಲೆ 5.1 ಎಂದು ಬರೆದದ್ದು ಸುಳ್ಳಲ್ಲ. ಅದು ಸ್ಪೀಕರುಗಳ ಎಣಿಕೆ.

ನಿಜವಾದ ಆರು ದನಿ ಬೇಕಿದ್ದರೆ ಟಿವಿಯಿಂದ ಸೆಟ್ಟಿಗೆ ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ಕೇಬಲ್ ಹೋಗಬೇಕು. ಎಚ್‌ಡಿಎಂಐ ವೈರಿನಲ್ಲಿ ಚಿತ್ರವೂ ಧ್ವನಿಯೂ ಒಟ್ಟಿಗೆ ಸಾಗುತ್ತವೆ. 2009ರ ಎಚ್‌ಡಿಎಂಐ 1.4ರಲ್ಲಿ ಬಂದ ಎಆರ್‌ಸಿ, ಟಿವಿಯಿಂದ ಸ್ಪೀಕರಿನ ಕಡೆಗೆ ಧ್ವನಿಯನ್ನು ಅದೇ ವೈರಿನಲ್ಲಿ ಮರಳಿ ಕಳಿಸುವ ಉಪಾಯ. 2017ರ ಎಚ್‌ಡಿಎಂಐ 2.1ರ ಇಎಆರ್‌ಸಿ ಅದನ್ನೇ ಇನ್ನಷ್ಟು ಅಗಲ ಮಾಡಿತು. ಟಿವಿಯ ಹಿಂದೆ ಮೂರು ಎಚ್‌ಡಿಎಂಐ ಕಿಂಡಿಗಳಿದ್ದರೆ ಸಾಮಾನ್ಯವಾಗಿ ಒಂದರ ಮೇಲಷ್ಟೇ ಎಆರ್‌ಸಿ ಎಂದು ಬರೆದಿರುತ್ತದೆ. ಬೇರೆಯದಕ್ಕೆ ಹಾಕಿ ‘ಸೌಂಡೇ ಬರ್ತಿಲ್ಲ’ ಎಂದು ಪರದಾಡುವವರು ಬಹಳ. ಜೊತೆಗೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಆಡಿಯೊ ಔಟ್‌ಪುಟ್ ‘ಪಿಸಿಎಂ’ ಎಂದಿದ್ದರೆ ಎಷ್ಟೋ ಟಿವಿಗಳು ಎರಡೇ ದನಿ ಕಳಿಸುತ್ತವೆ. ಅದನ್ನು ‘ಆಟೊ’ ಅಥವಾ ‘ಬಿಟ್‌ಸ್ಟ್ರೀಮ್’ ಮಾಡಬೇಕು.

ಇಷ್ಟಾದರೂ ಸಿನಿಮಾದಲ್ಲೇ ಆರು ದನಿ ಇರಬೇಕಲ್ಲ? ಚಿತ್ರದುರ್ಗದ ಕೋಟೆಯಲ್ಲಿ ಚಿತ್ರೀಕರಣವಾದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರದು. ಅಂದಿನ ಕನ್ನಡ ಚಿತ್ರಗಳಂತೆ ಅದರ ಮೂಲ ಧ್ವನಿ ಒಂದೇ ದಾರಿಯದು, ಮೋನೊ. ಟಿವಿಯಲ್ಲೋ ಯೂಟ್ಯೂಬಿನಲ್ಲೋ ಅಂಥ ಹಳೆಯ ಪ್ರತಿ ಹಾಕಿಕೊಂಡು ‘ಸರೌಂಡ್’ ಗುಂಡಿ ಒತ್ತಿದರೆ ಯಂತ್ರ ತನ್ನ ಊಹೆಯಿಂದ ದನಿಯನ್ನು ಚದುರಿಸುತ್ತದೆ. ಮಾತು ಬಾವಿಯೊಳಗಿಂದ ಬಂದಂತಾಗುತ್ತದೆ. ಹಳೆಯ ಚಿತ್ರಕ್ಕೆ ಸ್ಟೀರಿಯೊ ಮೋಡೇ ಸರಿ. ಹೊಸ ಚಿತ್ರವಾದರೆ ಒಟಿಟಿ ಆ್ಯಪ್‌ನ ವಿವರದ ಬಳಿ 5.1 ಅಥವಾ ಅಟ್ಮಾಸ್ ಗುರುತು ಇದೆಯೇ ನೋಡಿ. ಅದೇ ಚಿತ್ರ ಕೇಬಲ್ ಚಾನೆಲ್‌ನಲ್ಲಿ ಬಂದಾಗ ಹೆಚ್ಚಾಗಿ ಸ್ಟೀರಿಯೊ ಆಗಿರುತ್ತದೆ.

ಸಾವಿರಾರು ವ್ಯಾಟ್‌ಗಳ ಕಥೆ

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಪಿಎಂಪಿಒ 8,000 ವ್ಯಾಟ್, 10,000 ವ್ಯಾಟ್ ಎಂದು ಅಚ್ಚಾಗಿರುವುದನ್ನು ನೋಡಿರುತ್ತೀರಿ. ಪಿಎಂಪಿಒ ಅಳೆಯಲು ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ. ತಯಾರಕರು ತಮಗೆ ತೋಚಿದ ಅಂಕಿ ಬರೆಯಬಹುದು, ಬರೆಯುತ್ತಾರೆ. ನೋಡಬೇಕಾದದ್ದು ಆರ್‌ಎಂಎಸ್: ಯಂತ್ರ ಒಂದೇ ಸಮ ಕೊಡಬಲ್ಲ ಶಕ್ತಿ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ವೂಫರ್ ಡಬ್ಬವನ್ನು ಹಿಂದಕ್ಕೆ ತಿರುಗಿಸಿ, ಕರೆಂಟಿನ ವೈರು ಹೊರಬರುವ ಜಾಗದ ಬಳಿ ಅಂಟಿಸಿರುವ ಚೀಟಿ ಓದಿ. 230 ವೋಲ್ಟ್, 60 ವ್ಯಾಟ್ ಎಂದೋ ಏನೋ ಇರುತ್ತದೆ. ಗೋಡೆಯಿಂದ 60 ವ್ಯಾಟ್ ಎಳೆದುಕೊಳ್ಳುವ ಯಂತ್ರ ಹತ್ತು ಸಾವಿರ ವ್ಯಾಟ್ ಹೊರಹಾಕುವುದು ಪ್ರಕೃತಿನಿಯಮದಲ್ಲೇ ಇಲ್ಲ.

ಅಸಲಿಗೆ ಅಷ್ಟು ಶಕ್ತಿ ಬೇಕೂ ಇಲ್ಲ. ಒಳ್ಳೆಯ ಸ್ಪೀಕರಿಗೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಸುಮಾರು 87 ಡೆಸಿಬೆಲ್ ಸಿಗುತ್ತದೆ. ಇದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ. ಹತ್ತು ಅಡಿ ದೂರ ಕೂತರೆ ಕಳೆಯುವುದು ಕಳೆದು, ಗೋಡೆಗಳು ಮರಳಿಸುವುದು ಸೇರಿ 80ರ ಆಸುಪಾಸು ಉಳಿಯುತ್ತದೆ. ಟಿವಿ ನೋಡಲು ಅದೇ ಜೋರು. ಶಕ್ತಿ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ದನಿ ಎರಡು ಪಟ್ಟು ಜೋರೆನಿಸಲು ಶಕ್ತಿ ಹತ್ತು ಪಟ್ಟಾಗಬೇಕು. ಹಾಗಾಗಿ 40 ವ್ಯಾಟ್‌ಗೂ 80 ವ್ಯಾಟ್‌ಗೂ ಕಿವಿಗೆ ಸಿಗುವ ವ್ಯತ್ಯಾಸ ಅಲ್ಪ. 86ರ ಬದಲು 89 ಸೆನ್ಸಿಟಿವಿಟಿಯ ಸ್ಪೀಕರ್ ಆರಿಸಿಕೊಂಡರೆ ಆಂಪ್ಲಿಫೈಯರನ್ನು ದುಪ್ಪಟ್ಟು ಮಾಡಿದಷ್ಟೇ ಲಾಭ. ಬೇಸ್ ಬಟನ್ನನ್ನು ತುದಿಗೆ ತಿರುಗಿಸಿದಾಗ ಸಣ್ಣ ಸೆಟ್ಟು ಕರಕರ ಎನ್ನುವುದು ಅದರ ಶಕ್ತಿ ಅಲ್ಲಿಗೆ ಮುಗಿಯಿತೆಂಬ ಲಕ್ಷಣ. ಅಲ್ಲೇ ಬಿಟ್ಟರೆ ಸ್ಪೀಕರಿನ ಕಾಯಿಲ್ ಸುಡುತ್ತದೆ.

ಕೋಣೆ ಎಂಬ ಏಳನೆಯ ಸ್ಪೀಕರ್

ಊರಮುಂದೆ ರಾತ್ರಿ ಬಯಲಾಟ ನಡೆಯುವಾಗ ಭಾಗವತರ ದನಿ ಸ್ಪಷ್ಟವಾಗಿ ಕೇಳಲು ಒಂದು ಕಾರಣ, ಸುತ್ತ ಗೋಡೆಯಿಲ್ಲದಿರುವುದು. ಹೊರಟ ದನಿ ನಿಮ್ಮ ಕಿವಿ ಮುಟ್ಟಿ ಮುಂದೆ ಹೋಗುತ್ತದೆ, ಹಿಂದಿರುಗುವುದಿಲ್ಲ. ಮನೆಯೊಳಗೆ ಹಾಗಲ್ಲ. ಸ್ಪೀಕರಿನಿಂದ ನೇರ ಬಂದ ದನಿಯ ಬೆನ್ನಿಗೇ ಎಡಗೋಡೆ, ಬಲಗೋಡೆ, ತಾರಸಿ, ನೆಲಕ್ಕೆ ಬಡಿದ ನಕಲುಗಳು ಸೆಕೆಂಡಿನ ಕೆಲವು ಸಾವಿರದಲ್ಲೊಂದು ಭಾಗ ತಡವಾಗಿ ಬರುತ್ತವೆ. ಸಕಾರ, ತಕಾರ, ಪಕಾರಗಳನ್ನು ಒಂದರಿಂದೊಂದು ಬೇರೆ ಮಾಡಿ ತೋರಿಸುವ ಸೂಕ್ಷ್ಮ ದನಿಗಳು ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ಸುತ್ತ ಇರುತ್ತವೆ. ಈ ನಕಲುಗಳು ಮೊದಲು ಕೆಡಿಸುವುದು ಅವನ್ನೇ. ಸೌಂಡ್ ಸಾಕಷ್ಟು ಕೇಳಿಸಿಯೂ ಮಾತು ತಿಳಿಯದಿರುವುದಕ್ಕೆ ಇದು ದೊಡ್ಡ ಕಾರಣ.

ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಕಾಟ ಕಡಿಮೆ ಇತ್ತು. ತೊಲೆ, ಜಂತೆಗಳ ಏರಿಳಿತದ ಸೂರು ದನಿಯನ್ನು ನಾನಾ ದಿಕ್ಕಿಗೆ ಒಡೆಯುತ್ತಿತ್ತು, ಮಣ್ಣುಗೋಡೆ ತುಸು ಹೀರುತ್ತಿತ್ತು. ಈಗಿನ ಆರ್‌ಸಿಸಿ ತಾರಸಿ, ಪುಟ್ಟಿ ಹಚ್ಚಿದ ನುಣುಪು ಗೋಡೆ, ಟೈಲ್ಸ್ ನೆಲ ಮೂರೂ ಬಂದದ್ದನ್ನು ಬಂದ ಹಾಗೇ ಹಿಂದಕ್ಕೆ ಕಳಿಸುತ್ತವೆ. ಖಾಲಿ ಹಾಲಿನ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ‘ಝಿಂಗ್’ ಎಂದು ಲೋಹದಂಥ ಸದ್ದು ಹಿಂಬಾಲಿಸಿದರೆ ಎದುರುಬದುರು ಗೋಡೆಗಳು ದನಿಯನ್ನು ಚೆಂಡಾಡುತ್ತಿವೆ ಎಂದರ್ಥ.

ಇದಕ್ಕೆ ಪರಿಹಾರ ಚಳ್ಳಕೆರೆಯಲ್ಲೇ ನೇಯಲಾಗುತ್ತದೆ: ಕಂಬಳಿ. ಉಣ್ಣೆಯ ಎಳೆಗಳ ನಡುವೆ ನುಗ್ಗಿದ ಗಾಳಿಯ ಅಲುಗಾಟ ಅಲ್ಲೇ ತಿಕ್ಕಿ ಬಿಸಿಯಾಗಿ ಕರಗುತ್ತದೆ. ದುಬಾರಿ ಸ್ಟುಡಿಯೊ ಪ್ಯಾನೆಲ್‌ಗಳು ಮಾಡುವುದೂ ಇದನ್ನೇ. ಆದರೆ ಗೋಡೆಗೆ ಅಂಟಿಸಿದಂತೆ ಮೊಳೆ ಹೊಡೆದರೆ ಅರ್ಧ ಪ್ರಯೋಜನ. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿಗೆ ಅಲುಗಲು ಎಡೆಯಿಲ್ಲ, ಗೋಡೆಯಿಂದ ದೂರವಾದಷ್ಟೂ ಅಲುಗಾಟ ಹೆಚ್ಚು. ಮರದ ರೀಪರ್ ಪಟ್ಟಿ ಕೊಟ್ಟು ಮೂರು ಅಂಗುಲ ಮುಂದಕ್ಕೆ, ಕಂಬಳಿಯನ್ನು ಎರಡು ಮಡಿಕೆ ಮಾಡಿ ತೂಗುಹಾಕಿದರೆ ಸುಮಾರು 1,000 ಹರ್ಟ್ಸ್‌ನಿಂದ ಮೇಲಿನದನ್ನು ಚೆನ್ನಾಗಿ ಹಿಡಿಯುತ್ತದೆ. ದಪ್ಪ ಮುಖ್ಯ. ಜಿಐ ಮಾನ್ಯತೆ ಪಡೆದ ಮೊಳಕಾಲ್ಮೂರು ರೇಷ್ಮೆಯನ್ನೇ ಪರದೆ ಮಾಡಿದರೆ ಕಣ್ಣಿಗೆ ಮಾತ್ರ ಚೆಂದವಾದೀತು. ತೆಳು ಬಟ್ಟೆಯೊಳಗೆ ದನಿ ತಡೆಯಿಲ್ಲದೆ ನುಸುಳಿಹೋಗುತ್ತದೆ.

ಎಲ್ಲಿ ತೂಗುಹಾಕಬೇಕು? ನೀವು ಸಿನಿಮಾ ನೋಡುವ ಜಾಗದಲ್ಲಿ ಕೂತುಕೊಳ್ಳಿ. ಮನೆಯವರೊಬ್ಬರು ಕನ್ನಡಿ ಹಿಡಿದು ಪಕ್ಕದ ಗೋಡೆಯ ಮೇಲೆ, ನಿಮ್ಮ ಕಿವಿಯ ಎತ್ತರದಲ್ಲಿ, ಟಿವಿಯ ಕಡೆಯಿಂದ ನಿಮ್ಮತ್ತ ನಿಧಾನವಾಗಿ ಜರುಗಿಸಲಿ. ಕನ್ನಡಿಯಲ್ಲಿ ಮುಂದಿನ ಸ್ಪೀಕರ್ ಕಾಣುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ದನಿ ಅಲ್ಲಿಗೇ ಬಡಿದು ನಿಮ್ಮ ಕಿವಿಗೆ ಬರುತ್ತಿದೆ. ಎರಡೂ ಪಕ್ಕದ ಗೋಡೆಗೆ ಒಂದೊಂದು ಕಂಬಳಿ, ಟಿವಿಗೂ ನಿಮಗೂ ನಡುವೆ ನೆಲದ ಮೇಲೆ ಒಂದು ಜಮಖಾನ. ಹತ್ತು–ಹನ್ನೆರಡು ಅಡಿಯ ಕೋಣೆಗೆ ಆರಂಭಕ್ಕೆ ಇಷ್ಟು ಸಾಕು.

ಬೇಸ್ ಮಾತ್ರ ಕಂಬಳಿಗೆ ಬಗ್ಗುವುದಿಲ್ಲ. 60 ಹರ್ಟ್ಸ್ ದನಿಯ ಒಂದು ಅಲೆಯ ಉದ್ದ ಸುಮಾರು 5.7 ಮೀಟರ್, ಅಂದರೆ ಕೋಣೆಗಿಂತ ಉದ್ದ. ಅಲೆಯ ಅರ್ಧಭಾಗ ಎರಡು ಗೋಡೆಗಳ ನಡುವೆ ಸರಿಯಾಗಿ ಹೊಂದಿಕೊಂಡಾಗ ಆ ಒಂದು ಸ್ವರ ವಿಪರೀತ ಉಬ್ಬುತ್ತದೆ. ಹನ್ನೆರಡು ಅಡಿಗೆ ಅದು ಸುಮಾರು 47 ಹರ್ಟ್ಸ್, ಹತ್ತು ಅಡಿಗೆ 56. ಉದ್ದ, ಅಗಲ, ಎತ್ತರ ಮೂರೂ ಹತ್ತು ಅಡಿಯಾದ ಚೌಕ ಕೋಣೆಯಲ್ಲಿ ಮೂರೂ ಸೇರಿ 56ರಲ್ಲೇ ಗುಂಯ್‌ಗುಡುತ್ತವೆ. ಯಾವ ಹಾಡು ಹಾಕಿದರೂ ಒಂದೇ ಡುಬ್‌ಡುಬ್ ಕೇಳಿಸಿದರೆ ಕಂಪನಿಯನ್ನು ಬೈದು ಫಲವಿಲ್ಲ. ಮನೆಯಲ್ಲಿ ಆಯ್ಕೆಯಿದ್ದರೆ ಚೌಕವಲ್ಲದ ಕೋಣೆ ಆರಿಸಿ. ಹಿಂಗೋಡೆಗೆ ತಲೆ ಒರಗಿಸಿ ಕೂರಬೇಡಿ, ಅಲ್ಲಿ ಬೇಸ್ ತೀರ ದಪ್ಪ. ಸರಿಯಾಗಿ ಕೋಣೆಯ ನಡುಮಧ್ಯೆಯೂ ಬೇಡ, ಅಲ್ಲಿ ಅದೇ ಸ್ವರ ಮಾಯವಾಗುತ್ತದೆ. ಮೂಲೆಗಳಲ್ಲಿ ದಪ್ಪನೆಯ ಮೆತ್ತನೆ ವಸ್ತುಗಳಿದ್ದರೆ ಉಬ್ಬು ತುಸು ತಗ್ಗುತ್ತದೆ. ಸುಗ್ಗಿಯಲ್ಲಿ ಶೇಂಗಾ ಮೂಟೆ ಒಟ್ಟಿದ ಕೋಣೆ ಖಾಲಿ ಕೋಣೆಗಿಂತ ಶಾಂತವೆನಿಸುವುದಕ್ಕೆ ಅರ್ಥವಿದೆ.

ಯಾವುದು ಎಲ್ಲಿ?

ಇಲ್ಲಿನ ಮನೆಗಳಲ್ಲಿ ಹೆಚ್ಚು ಕಾಣುವುದು ಎರಡು ಬಗೆ: ಐದೂ ಸ್ಪೀಕರ್ ಟಿವಿಯ ಪಕ್ಕ ಸಾಲಾಗಿ, ಇಲ್ಲವೇ ನಾಲ್ಕು ಮೂಲೆಗೆ, ತಾರಸಿಗೆ ತಾಗಿದಂತೆ. ಎರಡೂ ತಪ್ಪು. ಮುಂದಿನ ಎಡ–ಬಲ ಸ್ಪೀಕರುಗಳು ಕೂತವರಿಗೆ ಸುಮಾರು 30 ಡಿಗ್ರಿ ಆಚೀಚೆ ಇರಬೇಕು. ಸರಳವಾಗಿ ಹೇಳುವುದಾದರೆ, ಅವೆರಡರ ನಡುವಿನ ದೂರ ಎಷ್ಟೋ ಅವುಗಳಿಂದ ನಿಮಗೂ ಅಷ್ಟೇ ದೂರ. ಎತ್ತರ ಕೂತವರ ಕಿವಿಯ ಮಟ್ಟ. ಹಿಂದಿನವು ಕಿವಿಗಿಂತ ತುಸು ಹಿಂದೆ, 110 ಡಿಗ್ರಿಯ ಆಸುಪಾಸಿನಲ್ಲಿ, ತಲೆಗಿಂತ ಒಂದೆರಡು ಅಡಿ ಮೇಲೆ.

ಸಣ್ಣ ಕೋಣೆಯಲ್ಲಿ ಹಿಂದಿನ ಸ್ಪೀಕರು ಮುಂದಿನದಕ್ಕಿಂತ ಹತ್ತಿರವಾಗಿಬಿಡುತ್ತದೆ. ದನಿ ಒಂದು ಅಡಿ ಸಾಗಲು ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಭಾಗ ತೆಗೆದುಕೊಳ್ಳುತ್ತದೆ. ಯಾವ ಕಡೆಯಿಂದ ದನಿ ಮೊದಲು ಬಂತೋ ಆ ಕಡೆಗೇ ಮನಸ್ಸು ತಿರುಗುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲೇ ಇದನ್ನು ಪ್ರಯೋಗದಿಂದ ವಿವರಿಸಿದ್ದಾರೆ. ಟಿವಿಗೂ ಸ್ಪೀಕರುಗಳಿಗೂ ನಡುವೆ ಕೂರುವ ಒಳ್ಳೆಯ ಎವಿ ರಿಸೀವರಿನಲ್ಲಿ ಪ್ರತಿ ಸ್ಪೀಕರಿನ ದೂರವನ್ನು ಅಡಿಗಳಲ್ಲಿ ನಮೂದಿಸಿದರೆ ಹತ್ತಿರದ್ದನ್ನು ಅದೇ ತಡೆದು ಬಿಡುತ್ತದೆ. ಆ ಸೌಲಭ್ಯವಿಲ್ಲದ ಸೆಟ್ಟಿನಲ್ಲಿ ಹಿಂದಿನವುಗಳ ವಾಲ್ಯೂಮ್ ತಗ್ಗಿಸಿ. ಅವು ಇವೆ ಎಂಬುದೇ ಮರೆತುಹೋಗಬೇಕು, ಮಳೆ ಬಂದಾಗಷ್ಟೇ ಗೊತ್ತಾಗಬೇಕು.

ಸಬ್‌ವೂಫರಿನ ಜಾಗ ಹುಡುಕುವುದು ಮೋಜಿನ ಕೆಲಸ. 80 ಹರ್ಟ್ಸ್‌ಗಿಂತ ತಗ್ಗಿನ ದನಿ ಎತ್ತಲಿಂದ ಬಂತೆಂದು ಕಿವಿಗೆ ತಿಳಿಯುವುದು ಕಷ್ಟ, ಹಾಗಾಗಿ ವೂಫರನ್ನು ಎಲ್ಲಿ ಬೇಕಾದರೂ ಇಡಬಹುದು. ಆದರೆ ಕೋಣೆ ಆ ದನಿಯನ್ನು ಒಂದೊಂದು ಕಡೆ ಒಂದೊಂದು ಥರ ಉಬ್ಬಿಸುತ್ತದೆ. ವೂಫರನ್ನು ನೀವು ಕೂರುವ ಕುರ್ಚಿಯ ಮೇಲಿಟ್ಟು, ಬೇಸ್ ಏರಿಳಿಯುವ ಹಾಡೊಂದನ್ನು ಹಾಕಿ, ಗೋಡೆಯ ಬುಡದುದ್ದಕ್ಕೂ ಅಂಬೆಗಾಲಿಟ್ಟು ಹೋಗಿ. ಎಲ್ಲ ಸ್ವರಗಳೂ ಸಮನಾಗಿ ಕೇಳಿದ ಕಡೆ ನಿಲ್ಲಿ. ವೂಫರ್ ಇರಬೇಕಾದ್ದು ಅಲ್ಲಿ. ಮಕ್ಕಳು ನಕ್ಕರೂ ವಿಧಾನ ಪಕ್ಕಾ.

ಅಟ್ಮಾಸ್ ಸೌಂಡ್‌ಬಾರಿನ ವಿಚಾರ ಒಂದಿಷ್ಟು. ಅದರ ಮೇಲ್ಮುಖದ ಸ್ಪೀಕರುಗಳು ದನಿಯನ್ನು ತಾರಸಿಗೆ ಹೊಡೆದು ಕೆಳಕ್ಕೆ ಪುಟಿಸುತ್ತವೆ. ಅದಕ್ಕೆ ಹತ್ತು ಅಡಿ ಎತ್ತರದ ಚಪ್ಪಟೆ ಆರ್‌ಸಿಸಿ ಬಹಳ ಒಳ್ಳೆಯದು. ಇದೊಂದು ಕೆಲಸದಲ್ಲಿ ನುಣುಪು ತಾರಸಿ ವರ. ಜಂತೆಯ ಮಾಳಿಗೆಗೂ ಇಳಿಜಾರು ಶೀಟಿನ ಸೂರಿಗೂ ಅಂಥ ಬಾರ್ ಕೊಳ್ಳುವುದು ದಂಡ.

ಚಿತ್ರದ ಲೆಕ್ಕಾಚಾರ

ಫುಲ್ ಎಚ್‌ಡಿ ಪರದೆಯಲ್ಲಿ 1920×1080, ಅಂದರೆ ಸುಮಾರು 20 ಲಕ್ಷ ಚುಕ್ಕೆಗಳು. 4ಕೆಯಲ್ಲಿ 3840×2160, ಸುಮಾರು 83 ಲಕ್ಷ. ನಾಲ್ಕು ಪಟ್ಟು ಹೌದು, ಆದರೆ ಕಣ್ಣಿಗೂ ಒಂದು ಮಿತಿಯಿದೆ. 43 ಇಂಚಿನ ಟಿವಿಯಲ್ಲಿ ಫುಲ್ ಎಚ್‌ಡಿ ಚುಕ್ಕೆಗಳನ್ನು ಸಾಮಾನ್ಯ ದೃಷ್ಟಿಯವರು ಬಿಡಿಬಿಡಿಯಾಗಿ ಗುರುತಿಸಲು ಐದೂವರೆ ಅಡಿಗಿಂತ ಹತ್ತಿರ ಕೂರಬೇಕು. 55 ಇಂಚಿಗೆ ಅದು ಸುಮಾರು ಏಳು ಅಡಿ. ಹತ್ತು ಅಡಿ ದೂರ ಕೂತು 43 ಇಂಚು ನೋಡುವವರಿಗೆ ಹೆಚ್ಚುವರಿ ಚುಕ್ಕೆಗಳಿಂದ ಲಾಭವಿಲ್ಲ. ಅದೇ ದುಡ್ಡಿನಲ್ಲಿ ಪರದೆ ದೊಡ್ಡದು ಮಾಡಿ, ಇಲ್ಲವೇ ಕುರ್ಚಿಯನ್ನು ಮುಂದಕ್ಕೆಳೆಯಿರಿ.

4ಕೆ ಟಿವಿಯಲ್ಲಿ ಚಿತ್ರ ಮಸುಕಾಗುವ ದೂರಿಗೂ ಉತ್ತರ ಮೂಲದಲ್ಲಿದೆ. ಹಳೆಯ ಎಸ್‌ಡಿ ಸೆಟ್‌ಟಾಪ್ ಬಾಕ್ಸ್ ಕೊಡುವುದು ಹೆಚ್ಚೆಂದರೆ 720×576, ನಾಲ್ಕು ಲಕ್ಷ ಚುಕ್ಕೆ. ಅದನ್ನು 83 ಲಕ್ಷಕ್ಕೆ ಎಳೆದಾಗ ಉಳಿದದ್ದು ಟಿವಿಯ ಊಹೆ. 4ಕೆ ಒಟಿಟಿಗೆ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಇಂಟರ್‌ನೆಟ್ ಒಂದೇ ಸಮ ಬರಬೇಕು. ಕುಸಿದರೆ ಆ್ಯಪ್ ಸದ್ದಿಲ್ಲದೆ ಗುಣಮಟ್ಟ ಇಳಿಸುತ್ತದೆ.

ಚುಕ್ಕೆಗಿಂತ ಕಣ್ಣಿಗೆ ಬೇಗ ತಾಗುವುದು ಬೆಳಕು ಮತ್ತು ಕಪ್ಪು. ಸಾಮಾನ್ಯ ವಿಡಿಯೊದಲ್ಲಿ ಪ್ರತಿ ಮೂಲವರ್ಣಕ್ಕೆ 256 ಮೆಟ್ಟಿಲು, ಒಟ್ಟು 1.67 ಕೋಟಿ ಬಣ್ಣ. ಬೆಳಕು–ಕಪ್ಪಿನ ಹರವು ಹೆಚ್ಚಿರುವ ಎಚ್‌ಡಿಆರ್10 ವಿಡಿಯೊದಲ್ಲಿ 1,024 ಮೆಟ್ಟಿಲು, ಒಟ್ಟು 107 ಕೋಟಿ. ಸಂಜೆಯ ಆಕಾಶದಲ್ಲಿ ಪಟ್ಟೆಪಟ್ಟೆ ಕಾಣದೆ ಬಣ್ಣ ಹದವಾಗಿ ಇಳಿಯುವುದು ಇದರಿಂದ. ಆದರೆ ಎಚ್‌ಡಿಆರ್‌ನ ಸೊಗಸು ಕಾಣಲು ಪರದೆಗೆ ಪ್ರಖರತೆ ಬೇಕು. ಪ್ರಖರತೆ 300 ನಿಟ್ಸ್ ಸುತ್ತಮುತ್ತ ಇರುವ ಅಗ್ಗದ ಟಿವಿಗಳು ಎಚ್‌ಡಿಆರ್ ಸಂಕೇತವನ್ನು ಓದಬಲ್ಲವು, ಅದರಂತೆ ಬೆಳಗಲಾರವು. ಅಂಗಡಿಯಲ್ಲಿ ‘ಎಲ್‌ಇಡಿ’ ಎಂದು ಮಾರುವುದು ಹಿಂದಿನಿಂದ ಎಲ್‌ಇಡಿ ಬೆಳಕು ಬಿಟ್ಟ ಎಲ್‌ಸಿಡಿ ಪರದೆ. ಕಪ್ಪು ತೋರಿಸಬೇಕಾದ ಕಡೆಯೂ ಬೆಳಕು ತುಸು ಸೋರುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಹೊತ್ತಿ ತಾನೇ ಆರುವುದರಿಂದ ಕಪ್ಪು ನಿಜವಾದ ಕಪ್ಪು. ಬೆಲೆಯೂ ಅದಕ್ಕೆ ತಕ್ಕಂತೆ. ಹಗಲಿಡೀ ಬಿಸಿಲು ತುಂಬುವ ನಮ್ಮ ಹಾಲುಗಳಲ್ಲಿ ಕಿಟಕಿಗೆ ದಪ್ಪ ಪರದೆ ಹಾಕಿದರೆ ಸಿಗುವ ಕಪ್ಪು ಸಾವಿರಾರು ರೂಪಾಯಿ ಸುರಿದರೂ ಸಿಗದು.

ತಂದ ದಿನವೇ ಮಾಡಬೇಕಾದ ಬದಲಾವಣೆ ಎರಡು. ಅಂಗಡಿಯ ಟ್ಯೂಬ್‌ಲೈಟುಗಳ ನಡುವೆ ಎದ್ದು ಕಾಣಲೆಂದು ಇಟ್ಟ ‘ವಿವಿಡ್’ ಮೋಡ್ ತೆಗೆದು ‘ಮೂವಿ’ ಅಥವಾ 2019ರಲ್ಲಿ ಘೋಷಣೆಯಾದ ‘ಫಿಲ್ಮ್‌ಮೇಕರ್’ ಮೋಡ್ ಹಾಕಿ. ಮೊದಲೆರಡು ದಿನ ಹಳದಿ ಎನಿಸಿದರೂ ಕಣ್ಣು ಒಗ್ಗುತ್ತದೆ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾದ ನಡುವೆ ಹುಸಿ ಚೌಕಟ್ಟುಗಳನ್ನು ತುರುಕಿ ಅದನ್ನು ಧಾರಾವಾಹಿಯಂತೆ ಮಾಡುವ ‘ಮೋಷನ್ ಸ್ಮೂತಿಂಗ್’ ಆಫ್ ಮಾಡಿ.

ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಟಿವಿ ಕೆಟ್ಟಿಲ್ಲ. ಟಿವಿಯ ಅಗಲ ಎತ್ತರದ 1.78 ಪಟ್ಟು, ಸಿನಿಮಾಸ್ಕೋಪಿನದು ಸುಮಾರು 2.39 ಪಟ್ಟು. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’ದಿಂದ. ‘ಜೂಮ್’ ಮಾಡಿ ಪಟ್ಟಿ ಅಳಿಸಿದರೆ ಚಿತ್ರದ ಕಾಲುಭಾಗ ಆಚೀಚೆ ಕತ್ತರಿಸಿಹೋಗುತ್ತದೆ.

ಕರೆಂಟು, ರಾತ್ರಿ, ನೆರೆಮನೆ

ಧೂಳು ಮತ್ತು 40 ಡಿಗ್ರಿ ಮುಟ್ಟುವ ಬೇಸಿಗೆ ಆಂಪ್ಲಿಫೈಯರಿನ ಶತ್ರುಗಳು. ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಇಡಬೇಡಿ, ಹಿಂದೆ ಕೈ ಆಡುವಷ್ಟು ಜಾಗ ಬಿಡಿ. ಸ್ಪೀಕರಿನಲ್ಲಿ ಸದಾ ‘ಹಮ್ಮ್’ ಎಂಬ ಸದ್ದಿದ್ದರೆ ಅದು ಹೆಚ್ಚಾಗಿ 50 ಹರ್ಟ್ಸ್ ಕರೆಂಟಿನದು: ಅರ್ತಿಂಗ್ ಸರಿಯಿದೆಯೇ ನೋಡಿಸಿ. ಇನ್ವರ್ಟರ್ ಮೇಲೆ ನಡೆಸುವುದಾದರೆ ಸೈನ್ ವೇವ್ ಬಗೆಯದೇ ಇರಲಿ. ಮುಂಗಾರಿನ ಗುಡುಗು ಕೇಳಿದೊಡನೆ ಪ್ಲಗ್ಗಿನ ಜೊತೆ ಡಿಶ್ ಅಥವಾ ಕೇಬಲ್ ವೈರನ್ನೂ ಕಿತ್ತಿಡಿ. ಸಿಡಿಲಿಗೆ ಅದೂ ದಾರಿ.

ಎಣ್ಣೆ ಮಿಲ್ಲಿನ ಪಕ್ಕ ಅಥವಾ ಮಗ್ಗದ ಬೀದಿಯಲ್ಲಿ ಮನೆಯಿದ್ದರೆ ಹೊರಗಿನ ಸದ್ದೇ ಪಿಸುಮಾತನ್ನು ನುಂಗುತ್ತದೆ. ಸಿನಿಮಾದ ಧ್ವನಿಯನ್ನು ಹೊಂದಿಸಿರುವುದು ನಿಶ್ಶಬ್ದ ಚಿತ್ರಮಂದಿರಕ್ಕಾಗಿ. ಅಲ್ಲಿ ಒಂದೊಂದು ದಾರಿಯೂ 105 ಡೆಸಿಬೆಲ್‌ವರೆಗೆ ಏರಬಹುದು. ಮನೆಯಲ್ಲಿ ಅದನ್ನು ತಗ್ಗಿಸಿದಾಗ ಮಾತೂ ತಗ್ಗುತ್ತದೆ. ಇದಕ್ಕೆಂದೇ ರಿಮೋಟಿನಲ್ಲೋ ಮೆನುವಿನಲ್ಲೋ ‘ನೈಟ್ ಮೋಡ್’ ಅಥವಾ ‘ಡಿಆರ್‌ಸಿ’ ಇರುತ್ತದೆ. ಅದು ಮಾತನ್ನು ಏರಿಸಿ ಸ್ಫೋಟವನ್ನು ಇಳಿಸುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಗೋಡೆ ದಾಟಿ ನೆರೆಮನೆಗೆ ಹೋಗುವುದು ಮುಖ್ಯವಾಗಿ ಬೇಸ್. ವೂಫರನ್ನು ಎರಡೂ ಮನೆಗೆ ಸೇರಿದ ಗೋಡೆಯಿಂದ ದೂರವಿಟ್ಟು, ಅಡಿಗೆ ದಪ್ಪ ರಬ್ಬರ್ ಹಾಕುವುದು ಕಾನೂನಿಗಿಂತ ಮೊದಲು ನೆರೆಯವರ ಮೇಲಿನ ಮರ್ಯಾದೆಯ ಮಾತು.

ದುಡ್ಡು ಯಾವ ಸಾಲಿನಲ್ಲಿ?

ಮೊದಲು ಖರ್ಚಿಲ್ಲದವು: ಸ್ಪೀಕರುಗಳ ಜಾಗ, ಕುರ್ಚಿಯ ಜಾಗ, ಟಿವಿಯ ಮೋಡ್, ಆಡಿಯೊ ಔಟ್‌ಪುಟ್. ಆಮೇಲೆ ಕಡಿಮೆ ಖರ್ಚಿನವು: ಕಂಬಳಿ, ಜಮಖಾನ, ಕಿಟಕಿ ಪರದೆ, ಒಂದು ಎಚ್‌ಡಿಎಂಐ ಕೇಬಲ್. ಇಷ್ಟು ಮಾಡಿ ಕೆಲವು ವಾರ ಕೇಳಿ. ಆಗಲೂ ಸಾಲದೆನಿಸಿದರೆ ಮಾತ್ರ ಯಂತ್ರ. ಬಜೆಟ್ ಸಣ್ಣದಾದರೆ ಐದು ಕಳಪೆ ಸ್ಪೀಕರಿಗಿಂತ ಎರಡು ಒಳ್ಳೆಯವು ಮೇಲು. ಸರಿಯಾಗಿ ಇಟ್ಟ ಎರಡು ಸ್ಪೀಕರುಗಳ ನಡುವೆ ಮಾತು ಪರದೆಯಿಂದಲೇ ಬಂದಂತೆ ನಿಲ್ಲುತ್ತದೆ. ವೈರು ಎಳೆಯಲಾಗದ ಬಾಡಿಗೆ ಮನೆಗೆ ಎಆರ್‌ಸಿ ಇರುವ ಸೌಂಡ್‌ಬಾರ್ ಸಾಕು. ಸ್ವಂತ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರ್ ಆಗುವ ಮೊದಲೇ ಹಿಂಗೋಡೆಯವರೆಗೆ ಪೈಪು ಹುದುಗಿಸಿಡಲಿ, ಆಮೇಲೆ ಗೋಡೆ ಒಡೆಸುವ ಕೆಲಸ ತಪ್ಪುತ್ತದೆ.

ಅಂಗಡಿಯಲ್ಲಿ ಇನ್ನು ಮುಂದೆ ‘ಬೇಸ್ ಹೆಂಗೈತೆ’ ಎನ್ನುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ: ಆರ್‌ಎಂಎಸ್ ಎಷ್ಟು? ಡಾಲ್ಬಿ ಡಿಜಿಟಲ್ ಡಿಕೋಡರ್ ಇದೆಯೇ? ಎಆರ್‌ಸಿ ಇದೆಯೇ? ಹಾಡಿನ ಬದಲು ಮಾತು ತುಂಬಿದ ಒಂದು ದೃಶ್ಯವನ್ನು ಸಣ್ಣ ಸೌಂಡ್‌ನಲ್ಲಿ ಹಾಕಿ ತೋರಿಸುತ್ತೀರಾ? ನಾಲ್ಕನೆಯದರ ಉತ್ತರವನ್ನು ನಿಮ್ಮ ಕಿವಿಯೇ ಕೊಡುತ್ತದೆ. ಗಿರಾಕಿಗಳು ಹೀಗೆ ಕೇಳತೊಡಗಿದರೆ ಪಿಎಂಪಿಒ ಅಂಕಿಯ ಡಬ್ಬಗಳು ಕೌಂಟರಿನಿಂದ ತಾವಾಗಿಯೇ ಇಳಿಯುತ್ತವೆ.